ಆ ಕಡೆ ತಿರುಗಿದ ಮೂರು: ಅಂಟುಕಾಗದದ ಕಂಪನಿಗೆ ಒಂದು ಬಹಿರಂಗ ಪತ್ರ

ಮಾನ್ಯ ವ್ಯವಸ್ಥಾಪಕರೇ,

ತಮ್ಮ ಕಾರ್ಖಾನೆಯ ಯಂತ್ರಗಳು ಕೆಡದೆ ಓಡುತ್ತಿರಲಿ, ತಮ್ಮ ಗೋದಾಮಿಗೆ ಇಲಿಯ ಕಾಟ ತಟ್ಟದಿರಲಿ, ತಮ್ಮ ಕುಟುಂಬದವರೆಲ್ಲ ತಮ್ಮ ಸರಕಿನಷ್ಟೇ ಗಟ್ಟಿಯಾಗಿ ಒಬ್ಬರಿಗೊಬ್ಬರು ಅಂಟಿಕೊಂಡಿರಲಿ ಎಂದು ಹಾರೈಸುತ್ತಾ, ತಾವು ತಯಾರಿಸುವ ಇಸ್ತ್ರಿ ಅಂಟುಕಾಗದವನ್ನು ಮೂರು ಸುರುಳಿಯಷ್ಟು ಬಳಸಿ, ನಾಲ್ಕನೆಯದನ್ನು ಬಿಚ್ಚುವ ಧೈರ್ಯವಿಲ್ಲದೆ ಕಪಾಟಿನ ಮೇಲಿಟ್ಟಿರುವ ಗ್ರಾಹಕನೊಬ್ಬನ ದೂರನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ತಪ್ಪು ತಮ್ಮದೇ ಎಂದು ಸಾಧಿಸಲು ನಾನು ಎರಡು ವಾರ ಹೆಣಗಿ ಸೋತಿದ್ದೇನೆ. ಆದರೂ ದೂರೊಂದು ಹುಟ್ಟಿದ ಮೇಲೆ ಅದನ್ನು ಯಾರಿಗಾದರೂ ಕೊಡಲೇಬೇಕಲ್ಲ. ನಮ್ಮ ಮನೆಯಲ್ಲಂತೂ ಯಾರೂ ಸ್ವೀಕರಿಸುತ್ತಿಲ್ಲ.

ಮೊದಲು ನನ್ನ ಪರಿಚಯ. ನಾನು ಒಂದು ಮುದ್ರಣಾಲಯದಲ್ಲಿ ಹನ್ನೊಂದು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿ, ಕಣ್ಣು ಚುರುಕಾಗಿದೆಯೆಂದು ಮಾಲೀಕರು ಮಹಡಿಯ ಮೇಲೆ ಕೂರಿಸಿದ ನಂತರ ಇಪ್ಪತ್ತೇಳು ವರ್ಷ ಪ್ರೂಫ್ ತಿದ್ದಿ ನಿವೃತ್ತನಾದವನು. ಅಲ್ಲಿ ನನ್ನನ್ನು ‘ಕೊಂಬಣ್ಣ’ ಎಂದು ಕರೆಯುತ್ತಿದ್ದರು. ಬಿಟ್ಟುಹೋದ ಕೊಂಬುಗಳನ್ನೆಲ್ಲ ಹಚ್ಚುತ್ತಿದ್ದುದಕ್ಕೋ, ನನಗೇ ಎರಡು ಕೊಂಬು ಮೂಡಿದ್ದುದಕ್ಕೋ, ಕೇಳುವ ಗೋಜಿಗೆ ಹೋಗಲಿಲ್ಲ. ತಪ್ಪು ಹುಡುಕುವುದು ನನಗೆ ಅನ್ನ ಕೊಟ್ಟ ವಿದ್ಯೆಯಾದ್ದರಿಂದ ನಿವೃತ್ತಿಯ ನಂತರವೂ ಅದನ್ನು ಸೇವಾರ್ಥವಾಗಿ ಮುಂದುವರಿಸಿದ್ದೆ. ಔಷಧದ ಬಾಟಲಿ, ಬಸ್ಸಿನ ಬೆನ್ನು, ಮದುವೆಯ ಕರೆಯೋಲೆ, ನೆರೆಮನೆಯ ಬಾಗಿಲ ಫಲಕ, ಯಾವುದೂ ನನ್ನ ಕೆಂಪು ಪೆನ್ನಿಗೆ ಹೊರತಾಗಿರಲಿಲ್ಲ. ನೆರೆಮನೆಯವರು ಕೊನೆಗೆ ಫಲಕವನ್ನೇ ಕಳಚಿಟ್ಟರು.

ನನ್ನ ಹೆಂಡತಿ ಟೈಲರ್. ಮನೆಯ ಮುಂಗೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಮೂವತ್ತು ವರ್ಷದಿಂದ ಊರವರ ಅಳತೆಗಳನ್ನೆಲ್ಲ ಬಾಯಿಪಾಠವಾಗಿ ಬಲ್ಲವಳು. ನಮ್ಮ ಒಬ್ಬಳೇ ಮಗಳು ಹೋದ ವರ್ಷ ಸ್ಟೇಷನರಿ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು ಹದಿನಾಲ್ಕು ಮಕ್ಕಳ ಒಂದು ಶಿಶುವಿಹಾರ ತೆರೆದಿದ್ದಾಳೆ. ಅಲ್ಲಿಯ ದೊಡ್ಡ ಸಂಕಟವೆಂದರೆ ಊಟದ ಹೊತ್ತು. ಎರಡು ತುತ್ತಿಗೊಮ್ಮೆ ಒಂದೊಂದು ಮಗು ಎದ್ದು ಓಡುತ್ತದೆ. ಒಂದನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೆರಡು ಮೆಟ್ಟಿಲ ಬಳಿ ಇರುತ್ತವೆ. ಕಪ್ಪೆ ತೂಗಿದ ಹಾಗೆ ಎಂಬ ಗಾದೆಯನ್ನು ಯಾರೋ ಶಿಶುವಿಹಾರದಲ್ಲಿ ಕೂತೇ ಕಟ್ಟಿರಬೇಕು.

ಮಗಳು ಇದಕ್ಕೊಂದು ಉಪಾಯ ಹೂಡಿದಳು. ಪ್ರತಿ ಮಗುವಿಗೂ ಬಟ್ಟೆಯ ಒಂದು ಟೇಬಲ್ ಮ್ಯಾಟ್. ಅದರ ಮೇಲೆ ತಟ್ಟೆ ಎಲ್ಲಿಡಬೇಕು, ಚಮಚ ಎಲ್ಲಿ, ಹಿಡಿಯಿರುವ ಲೋಟ ಎಲ್ಲಿ ಎಂದು ತೋರಿಸುವ ಬಣ್ಣದ ಬಟ್ಟೆಯ ಆಕಾರಗಳು. ಅಂಚಿನಲ್ಲಿ 1ರಿಂದ 10ರವರೆಗೆ ಅಂಕಿಗಳು. ಮೂಲೆಯಲ್ಲಿ ಆ ಮಗುವಿನ ಹೆಸರಿನ ಮೊದಲಕ್ಷರ. ಬಟ್ಟೆಯ ಮೇಲೆ ಬಟ್ಟೆ ಕತ್ತರಿಸಿ ಕೂರಿಸುವ ಈ ಕೆಲಸಕ್ಕೆ ಹೊಲಿಗೆಯವರು ಅಪ್ಲಿಕ್ ಎನ್ನುತ್ತಾರೆ. ತನ್ನ ಜಾಗ, ತನ್ನ ಅಕ್ಷರ ಎಂದಾದರೆ ಮಕ್ಕಳು ಕೂತಾವು, ಕೂತಷ್ಟು ಹೊತ್ತು ನಾಲ್ಕಂಕಿ ಕಲಿತಾವು ಎಂಬುದು ಅವಳ ಆಸೆ. ಈ ಕೆಲಸ ಕೇಳಿದ್ದು ಅಮ್ಮನನ್ನು. ಆದರೆ ಶಾಲೆಗಳು ತೆರೆಯುವ ಕಾಲವಾದ್ದರಿಂದ ಅಮ್ಮನ ಕತ್ತಿನವರೆಗೂ ಯೂನಿಫಾರ್ಮ್ ರಾಶಿ ಬಿದ್ದಿತ್ತು. ಆಗ ಪಕ್ಕದಲ್ಲಿ ಪತ್ರಿಕೆಯ ತಪ್ಪುಗಳಿಗೆ ಸುತ್ತು ಹಾಕುತ್ತಾ ಕೂತಿದ್ದ ನಾನು, ಯಾರೂ ಕೇಳದಿದ್ದರೂ, ‘ಕತ್ತರಿಸೋದು, ಅಂಟಿಸೋದು, ಸುತ್ತ ಒಂದು ಹೊಲಿಗೆ ಓಡಿಸೋದು. ಇದರಲ್ಲೇನಿದೆ ಮಹಾ? ನಾನು ಮಾಡ್ತೀನಿ’ ಎಂದುಬಿಟ್ಟೆ. ತಾಯಿ ಮಗಳು ಪರಸ್ಪರ ಮುಖ ನೋಡಿಕೊಂಡರು. ಆ ನೋಟದಲ್ಲಿ ಏನಿತ್ತೆಂಬುದನ್ನು ಅಂದೇ ಓದಿಕೊಂಡಿದ್ದರೆ ತಮಗೆ ಈ ಪತ್ರ ಓದುವ ಕಷ್ಟ ಬರುತ್ತಿರಲಿಲ್ಲ.

ಅಂಗಡಿಯವನು ನನ್ನ ಕೈಗೆ ತಮ್ಮ ಅಂಟುಕಾಗದ ಕೊಟ್ಟ. ಸುರುಳಿಯೊಳಗೆ ನಾಲ್ಕು ಮಡಿಕೆಯ ಒಂದು ಸೂಚನಾಪತ್ರವಿತ್ತು. ಮನೆಗೆ ಬಂದವನೇ ಕನ್ನಡಕ ಒರೆಸಿಕೊಂಡು ಮೊದಲಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದಿ, ಹನ್ನೊಂದು ಅಚ್ಚಿನ ತಪ್ಪು ಹಿಡಿದು, ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ಸಹಿ ಹಾಕಿದೆ. ಬಟನ್ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತದೆ, ‘ಅದರಲ್ಲಿ ಬರ್ದಿರೋದನ್ನ ಪೂರ್ತಿ ಓದ್ಕೊಂಡ್ರಾ?’ ಎಂದಳು. ‘ಓದೋದೇನು, ತಿದ್ದೇ ಇಟ್ಟಿದ್ದೀನಿ’ ಎಂದೆ.

ಅಲ್ಲಿಂದ ಹದಿನೆಂಟು ದಿನ ನಾನು ಹಿಂಗೋಣೆಯ ಬಾಗಿಲು ಮುಚ್ಚಿಕೊಂಡೆ. ಯಾರೂ ಒಳಗೆ ಬರಬಾರದು, ಇಣುಕಬಾರದು, ಸಲಹೆ ಕೊಡಬಾರದು ಎಂದು ಕಟ್ಟುನಿಟ್ಟು ಮಾಡಿದೆ. ತಮ್ಮ ಕಾಗದದ ಮೇಲೆ ಅಂಕಿ ಬರೆದು, ಅದನ್ನು ಬಣ್ಣದ ಬಟ್ಟೆಯ ಹಿಂಬದಿಗೆ ಇಸ್ತ್ರಿ ಹಾಕಿ ಅಂಟಿಸಿ, ಗೆರೆಯಗುಂಟ ಕತ್ತರಿಸಿ, ಕಾಗದ ಸುಲಿದು, ಮ್ಯಾಟಿನ ಮೇಲಿಟ್ಟು ಮತ್ತೊಮ್ಮೆ ಇಸ್ತ್ರಿ ಹಾಕಿದರೆ ಬಟ್ಟೆ ಬಟ್ಟೆಯೊಂದಿಗೆ ಜನ್ಮಾಂತರದ ನಂಟಿನಂತೆ ಕೂಡಿಕೊಳ್ಳುವುದನ್ನು ನೋಡಿ ನನಗೆ ರೋಮಾಂಚನವಾಯಿತು. ಆಮೇಲೆ ಅಂಚು ಬಿಚ್ಚದಂತೆ ಸುತ್ತ ಜಿಗ್‌ಜಾಗ್ ಹೊಲಿಗೆ. ಹಿಂಗೋಣೆಗೆ ಎಳೆದುಕೊಂಡಿದ್ದ ಹೆಂಡತಿಯ ಹಳೆಯ ಯಂತ್ರದಲ್ಲಿ ಒಂಬತ್ತು ಸೂಜಿ ಮುರಿದೆ. ಒಂದು ಸಲ ನನ್ನ ಅಂಗಿಯ ತೋಳನ್ನೇ ಮ್ಯಾಟಿಗೆ ಸೇರಿಸಿ ಹೊಲಿದು, ಸಹಾಯಕ್ಕೆ ಕೂಗಲು ಅಭಿಮಾನ ಬಿಡದೆ, ಅಂಗಿಯನ್ನೇ ಕಳಚಿ ಬ್ಲೇಡಿನಲ್ಲಿ ಬಿಡಿಸಿಕೊಂಡೆ. ಹೊರಗಿನಿಂದ ‘ಏನ್ರೀ ಅದು ಸದ್ದು?’ ಎಂದಾಗಲೆಲ್ಲ ‘ಏನಿಲ್ಲ, ಕೆಲಸ’ ಎಂದೆ.

ಆದರೂ ಫಲ ನೋಡಿದರೆ ಕಣ್ಣು ತುಂಬುತ್ತಿತ್ತು. ಕೆಂಪು 2, ಹಳದಿ 3, ನೀಲಿ 4, ಸಾಲಾಗಿ ಕೂತಿದ್ದ ಆ ಅಂಕಿಗಳನ್ನು ನೋಡುತ್ತಿದ್ದಂತೆ ಎಂದೋ ಬಿಟ್ಟುಬಂದ ತವರಿಗೆ ಮರಳಿದಂಥ ಒಂದು ಹಿತ ನನ್ನನ್ನು ಆವರಿಸುತ್ತಿತ್ತು. ಆ ಹಿತ ಎಲ್ಲಿಂದ ಬರುತ್ತಿದೆ ಎಂದು ಒಂದು ಗಳಿಗೆ ಯೋಚಿಸಬಾರದಿತ್ತೇ ಎಂದು ತಾವು ಕೇಳಬಹುದು. ಹಿತವಾದದ್ದರ ಮೂಲವನ್ನು ಯಾರು ತಾನೇ ವಿಚಾರಿಸುತ್ತಾರೆ, ಸ್ವಾಮೀ. ಹದಿನಾಲ್ಕನ್ನೂ ಕಂದು ಕಾಗದದಲ್ಲಿ ಕಟ್ಟಿ, ಹೆಂಡತಿಗೂ ತೋರಿಸದೆ, ಮೊದಲು ಮಗಳೇ ನೋಡಲಿ ಎಂದು ಒಯ್ದೆ.

ಊಟದ ಹೊತ್ತಿಗೇ ಹೋದೆ. ಮಕ್ಕಳು ಪುಟ್ಟ ಕುರ್ಚಿಗಳಲ್ಲಿ ಕೂತಿದ್ದವು. ನಾನು ಒಬ್ಬೊಬ್ಬರ ಮುಂದೆ ಮ್ಯಾಟ್ ಹಾಸಿ, ವಸ್ತುಗಳನ್ನು ಸರಿಯಾದ ಜಾಗದಲ್ಲಿಡುವುದರ ಮಹತ್ವ ಕುರಿತು ಚಿಕ್ಕದೊಂದು ಭಾಷಣವನ್ನೂ ಮಾಡಿದೆ. ಸದಾ ಒಂದೇ ಕಾಲಿನ ಮೇಲೆ ನಿಲ್ಲುವುದರಿಂದ ಎಲ್ಲರೂ ‘ಕೊಕ್ಕರೆ’ ಎನ್ನುವ ಐದು ವರ್ಷದ ಒಬ್ಬ ಹುಡುಗಿ ಅಲ್ಲಿದ್ದಾಳೆ. ಅವಳು ಭಾಷಣ ಮುಗಿಯುವವರೆಗೆ ಮರ್ಯಾದೆಯಿಂದ ಕಾದು, ‘ತಾತಾ, ನಿಮ್ಮ ಮೂರು ಆ ಕಡೆ ತಿರುಗಿದೆ’ ಎಂದಳು.

ನಾನು ನಕ್ಕೆ. ‘ಮ್ಯಾಟನ್ನ ಸರಿಯಾಗಿ ಹಿಡ್ಕೋ ಮಗೂ, ಉಲ್ಟಾ ಹಿಡ್ಕೊಂಡಿದ್ದೀಯ’ ಎಂದೆ. ಅವಳು ವಿಧೇಯಳಾಗಿ ಮ್ಯಾಟನ್ನು ತಲೆಕೆಳಗು ಮಾಡಿ ಸ್ವಲ್ಪ ಹೊತ್ತು ನೋಡಿದಳು. ‘ಈಗ ಮೂರು ಸರಿಹೋಯ್ತು. ನಾಲ್ಕು ಕೆಟ್ಟೋಯ್ತು’ ಎಂದಳು. ಪಕ್ಕದ ಹುಡುಗ ಎದ್ದು, ‘ನನ್ನ ಅಕ್ಷರಾನೂ ಗೋಡೆ ಕಡೆ ನೋಡ್ತಿದೆ’ ಎಂದ. ಇನ್ನೊಂದು ಮಗು, ‘ಹತ್ತು ಇಲ್ಲ ಇಲ್ಲಿ, ಸೊನ್ನೆ ಒಂದು ಇದೆ’ ಎಂದಿತು. ನಾನು ಬಗ್ಗಿ ನೋಡಿದೆ. ಹದಿನಾಲ್ಕು ಮ್ಯಾಟುಗಳ ಮೇಲೂ 2, 3, 4, 5 ಎಲ್ಲವೂ ನನಗೆ ಬೆನ್ನು ತಿರುಗಿಸಿ ಕೂತಿದ್ದವು. 8 ಒಂದು ಮಾತ್ರ, ಯಾವ ಕಡೆಯಿಂದ ಬಂದರೂ ನಗುಮುಖದ ಸಜ್ಜನನಂತೆ, ನೆಟ್ಟಗಿತ್ತು. ಅಕ್ಷರಗಳ ಪೈಕಿ, ತಲೆಕಟ್ಟೊಂದನ್ನು ಮರೆತರೆ, ‘ಠ’ ಈ ಅವಮಾನದಿಂದ ಪಾರಾಗುತ್ತಿತ್ತೇನೋ. ಆದರೆ ಯಾವ ತಂದೆತಾಯಿಯೂ ಮಗುವಿಗೆ ‘ಠ’ದಿಂದ ಹೆಸರಿಡುವ ದೂರದೃಷ್ಟಿ ತೋರಿರಲಿಲ್ಲ.

ಆಗ ಹೊಳೆಯಿತು, ಆ ತವರಿನ ಹಿತ ಎಂಥದೆಂದು. ಸೀಸದ ಅಚ್ಚುಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿಯೇ ಇರುತ್ತದೆ; ಕಾಗದಕ್ಕೆ ಒತ್ತಿದಾಗಲೇ ನೆಟ್ಟಗಾಗುವುದು. ಹನ್ನೊಂದು ವರ್ಷ ಅದನ್ನೇ ಓದಿದ ಕಣ್ಣಿಗೆ ತಿರುಗಿದ 3 ನೆಟ್ಟಗಿರುವಂತೆಯೇ ಕಂಡಿತ್ತು. ಬರೆದದ್ದು ಒತ್ತಿದ ಮೇಲೆ ತಿರುಗುತ್ತದೆ ಎಂಬುದನ್ನು ಈ ಭೂಮಿಯ ಮೇಲೆ ಯಾರಾದರೂ ಮರೆಯಬಾರದಿದ್ದರೆ ಅದು ನಾನು, ಮಾನ್ಯರೇ.

ಮಗಳು ಬಂದು ಒಂದು ಮ್ಯಾಟ್ ಎತ್ತಿ ನೋಡಿದಳು. ನಾನು ಬೈಗುಳಕ್ಕೆ ಸಿದ್ಧನಾದೆ. ಅವಳು ಹೊಲಿಗೆಯ ಮೇಲೆ ಬೆರಳಾಡಿಸಿ, ‘ಚೆನ್ನಾಗಿದೆ ಅಪ್ಪ. ಎಷ್ಟು ಕಷ್ಟ ಪಟ್ಟಿದ್ದೀರಿ’ ಎಂದು ಅದನ್ನು ಮತ್ತೆ ಮೇಜಿನ ಮೇಲೆ ಹಾಸಿದಳು. ಅಷ್ಟೇ.

ಇಲ್ಲಿ ತಮಗೆ ಸಂಬಂಧಪಡದ ಒಂದು ಸಂಗತಿ ಹೇಳಬೇಕಾಗಿದೆ, ಕ್ಷಮಿಸಿ. ಈ ಮಗಳಿಗೆ ಒಂಬತ್ತು ವರ್ಷವಿದ್ದಾಗ ರಜೆಗೆ ಚಿಕ್ಕಮ್ಮನ ಮನೆಗೆ ಹೋದವಳು ನನಗೊಂದು ಪತ್ರ ಬರೆದಿದ್ದಳು. ಆರು ಸಾಲು. ಬೆಕ್ಕು ಮರಿ ಹಾಕಿದೆ, ನನಗೆ ಹಲ್ಲು ಬಿತ್ತು, ಅಪ್ಪ ನೀವು ಯಾವಾಗ ಬರುತ್ತೀರಿ. ನಾನು ಅದರಲ್ಲಿ ಏಳು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಒತ್ತಕ್ಷರ ಗಮನಿಸು ಎಂದು ಅಂಚಿನಲ್ಲಿ ಬರೆದು, ಅದೇ ಹಾಳೆಯನ್ನು ಮರುಟಪಾಲಿನಲ್ಲಿ ಕಳಿಸಿದೆ. ಯಾವಾಗ ಬರುತ್ತೇನೆಂದು ಬರೆಯಲು ಮರೆತೆ. ಆಮೇಲೆ ಬಂದ ಪತ್ರಗಳೆಲ್ಲ ಅಮ್ಮನ ಹೆಸರಿಗೆ ಬಂದವು. ಅಂಥವಳು ಇಂದು ಹದಿನಾಲ್ಕು ಹಾಳೆ ತಪ್ಪನ್ನು ಎದುರಿಗಿಟ್ಟುಕೊಂಡು ಚೆನ್ನಾಗಿದೆ ಎಂದಾಗ ಅಲ್ಲಿ ನಿಲ್ಲಲಾಗದೆ, ಛತ್ರಿ ಮರೆತು, ಮೆಟ್ಟಿಲಿಳಿದುಬಂದೆ.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಕಪಾಟಿನಿಂದ ತಮ್ಮ ಸೂಚನಾಪತ್ರವನ್ನು ತೆಗೆದು ನಾಲ್ಕನೆಯ ವಾಕ್ಯಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು: ‘ವಿನ್ಯಾಸವನು ಕಾಗದದ ಮೇಲೆ ತಿರುವುಮುರುವಾಗಿ ಬರೆದುಕೊಳ್ಳತಕ್ಕದು.’ ಆ ಒಂದೇ ವಾಕ್ಯದಲ್ಲಿ ನನ್ನ ಎರಡು ಕೆಂಪು ಗುರುತುಗಳಿದ್ದವು. ‘ವಿನ್ಯಾಸವನು’ ಎಂಬುದಕ್ಕೆ ಒತ್ತು ಕೊಟ್ಟಿದ್ದೆ, ‘ತಕ್ಕದು’ ಎಂಬುದಕ್ಕೂ ಕೊಟ್ಟಿದ್ದೆ. ನಡುವಿನ ‘ತಿರುವುಮುರುವಾಗಿ’ಯ ಕಾಗುಣಿತ ಸರಿಯಿದೆಯೆಂದು ಮೆಚ್ಚಿ ಮುಂದೆ ಸಾಗಿದ್ದೆ. ಮೂವತ್ತೆಂಟು ವರ್ಷ ಅಕ್ಷರ ನೋಡಿದೆನೇ ಹೊರತು ಓದಿದೆನೋ ಇಲ್ಲವೋ ಎಂಬ ಅನುಮಾನ ಅಂದಿನಿಂದ ನನ್ನನ್ನು ಕಾಡುತ್ತಿದೆ. ನಾನು ತಿದ್ದಿದ ಇತಿಹಾಸ, ಭೂಗೋಳದ ಪುಸ್ತಕಗಳಲ್ಲಿ ನದಿಗಳು ಬೆಟ್ಟ ಹತ್ತಿದ್ದರೂ ಅವುಗಳ ಕಾಗುಣಿತ ನಿರ್ದೋಷವಾಗಿದ್ದಿರಬೇಕು.

ಮರುದಿನ ಹೆಂಡತಿ ಒಂದು ಮ್ಯಾಟ್ ತರಿಸಿ, ಹೊಲಿಗೆ ಬಿಚ್ಚಿ, ಒಂದು 2ರ ಬಾಲವನ್ನು ಎಬ್ಬಿಸಲು ನೋಡಿದಳು. ಬಿಸಿನೀರು ಹಾಕಿದಳು, ಮತ್ತೆ ಇಸ್ತ್ರಿ ಹಾಕಿದಳು, ಉಗುರಿನಿಂದ ಕೆರೆದಳು. ಅದು ಕದಲಲಿಲ್ಲ. ‘ಕಂಪನಿಯವ್ರು ಮಾತ್ರ ಸುಳ್ಳು ಹೇಳಿಲ್ಲ ಕಣ್ರೀ’ ಎಂದಳು. ತಮಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಸಿಗಲಾರದು. ಆಮೇಲೆ ಅವಳೇ, ತಾನು ಹೊಲಿಗೆ ಕಲಿಯುವಾಗ ಒಂದೇ ಅಂಗಿಗೆ ಎರಡೂ ಎಡಗೈ ತೋಳು ಹಚ್ಚಿ ಯಾರಿಗೂ ಹೇಳದೆ ಹಿತ್ತಲಲ್ಲಿ ಹೂತಿಟ್ಟ ಕಥೆ ಹೇಳಿದಳು. ಮದುವೆಯಾಗಿ ಮೂವತ್ತಾರು ವರ್ಷವಾದರೂ ನನಗೆ ಇದು ಗೊತ್ತಿರಲಿಲ್ಲ. ಹೇಳಿದ್ದರೆ ನಾನೇನು ಮಾಡುತ್ತಿದ್ದೆನೆಂದು ಇಬ್ಬರಿಗೂ ಗೊತ್ತಿತ್ತು. ಯೂನಿಫಾರ್ಮುಗಳನ್ನು ಬದಿಗೆ ಸರಿಸಿ, ಹೊಸ ಹದಿನಾಲ್ಕು ಮ್ಯಾಟ್ ಒಟ್ಟಿಗೇ ಮಾಡೋಣವೆಂದು ಕೂತೆವು. ಈ ಸಲ ಹಿಂಗೋಣೆಯ ಬಾಗಿಲು ತೆರೆದಿತ್ತು.

ಅಷ್ಟರಲ್ಲಿ ಶಿಶುವಿಹಾರದಲ್ಲಿ ಗಲಾಟೆಯಾಯಿತು. ಅವಳಿ ಮಕ್ಕಳ ತಂದೆ ಸಂಜೆ ಕರೆದೊಯ್ಯಲು ಬಂದವರು ಮ್ಯಾಟ್ ನೋಡಿ, ‘ಇಲ್ಲಿ ಹೀಗೆ ಕಲಿಸ್ತೀರಾ? ನಾಳೆಯಿಂದ ಇಬ್ಬರನ್ನೂ ಬೇರೆ ಕಡೆ ಸೇರಿಸ್ತೀನಿ’ ಎಂದರಂತೆ. ಹದಿನಾಲ್ಕರಲ್ಲಿ ಇಬ್ಬರು ಹೋದರೆ ಅವರನ್ನು ನೋಡಿ ಇನ್ನಿಬ್ಬರು ಹೋಗುತ್ತಾರೆ. ಹೊಸ ಶಿಶುವಿಹಾರದ ಬಾಗಿಲು ಮುಚ್ಚಲು ಅಷ್ಟು ಸಾಕು. ಮಗಳು ವಾದಿಸದೆ ಅವಳಿಗಳಲ್ಲಿ ಒಬ್ಬನ ಕೈಗೆ ಬಳಪ ಕೊಟ್ಟು ಐದು ಬರೆಯಲು ಹೇಳಿದಳು. ಹುಡುಗ ನೆಟ್ಟಗೆ 5 ಬರೆದು, ಅಪ್ಪನಿಗೆ ಬುದ್ಧಿ ಹೇಳುವವನಂತೆ, ‘ಮ್ಯಾಟಲ್ಲಿರೋದು ತಪ್ಪಪ್ಪ. ಅದು ತಾತ ಮಾಡಿದ್ದು. ನಾವು ಕಂಡುಹಿಡೀತೀವಿ’ ಎಂದನಂತೆ. ತಂದೆ ಇಬ್ಬರನ್ನೂ ಕರೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಇಬ್ಬರನ್ನೂ ಮತ್ತೆ ಬಿಟ್ಟುಹೋದರು.

ಆ ಮಧ್ಯಾಹ್ನ ಮಗಳು ಫೋನ್ ಮಾಡಿ, ‘ಅಪ್ಪ, ಹೊಸದು ಮಾಡ್ಬೇಡಿ’ ಎಂದಳು. ಮೂರು ದಿನದಿಂದ ಊಟದ ಹೊತ್ತಿಗೆ ಒಂದು ಮಗುವೂ ಎದ್ದು ಓಡಿಲ್ಲವಂತೆ. ಪ್ರತಿಯೊಬ್ಬರೂ ತುತ್ತಿಗೊಂದು ತಪ್ಪು ಹುಡುಕಿ, ಅದು ಹೇಗಿರಬೇಕೆಂದು ಗಾಳಿಯಲ್ಲಿ ಬೆರಳಾಡಿಸಿ ಬರೆದು ತೋರಿಸುತ್ತಿದ್ದಾರಂತೆ. ಬಟಾಣಿ ಕಾಳು ಕಂಡರೆ ಬಾಯಿ ಬಿಗಿಯುತ್ತಿದ್ದ ಒಂದು ಮಗು ಕಾಳುಗಳನ್ನೇ ಸಾಲಾಗಿಟ್ಟು ಸರಿಯಾದ 7 ಮಾಡಿ, ಆಮೇಲೆ ಅದನ್ನು ತಿಂದಿತಂತೆ. ‘ಸರಿಯಾಗಿದ್ದಿದ್ರೆ ಅವ್ರು ಎರಡು ದಿನ ನೋಡ್ತಿದ್ರು ಅಷ್ಟೇ’ ಎಂದಳು. ತಿದ್ದುವ ಸುಖ ಎಂಥದೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು. ಆದರೆ ಆ ಸುಖ ಸಿಗಲು ಯಾರಾದರೊಬ್ಬರು ಮೊದಲು ತಪ್ಪಬೇಕು ಎಂಬ ಸರಳ ಸತ್ಯ ಅರವತ್ನಾಲ್ಕು ವರ್ಷ ನನ್ನ ತಲೆಗೆ ಹೊಕ್ಕಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳಿಷ್ಟು. ಮುಂದೆ ನಿವೃತ್ತ ಪ್ರೂಫ್ ರೀಡರುಗಳಿಗೆ ತಮ್ಮ ಕಾಗದ ಮಾರುವಾಗ, ಸೂಚನೆಗಳನ್ನು ಕಿವಿ ಹಿಂಡಿ ಓದಿ ಹೇಳುವ ಒಬ್ಬ ಹಿರಿಯ ಹೆಂಗಸನ್ನು ಸುರುಳಿಯ ಜೊತೆಗೇ ಕಳಿಸಿಕೊಡಬೇಕು. ನಮ್ಮ ಮನೆಯಲ್ಲಿ ಅಂಥವಳಿದ್ದರೂ ನಾನು ಬಾಗಿಲು ಹಾಕಿಕೊಂಡೆನಾದ್ದರಿಂದ, ಕಳಿಸುವಾಕೆಗೆ ಬಾಗಿಲು ಮುರಿಯುವ ತರಬೇತಿಯನ್ನೂ ಕೊಡಬೇಕು. ಸೂಚನಾಪತ್ರದಲ್ಲಿ ಅಚ್ಚಿನ ತಪ್ಪುಗಳೇ ಇರಕೂಡದು. ಇದ್ದರೆ ನನ್ನಂಥವರು ಅಲ್ಲಿಯೇ ಮೇಯುತ್ತಾ ನಿಂತುಬಿಡುತ್ತೇವೆ. ಇಪ್ಪತ್ತೈದು ವರ್ಷ ಹಿಂದಿನ ಒಂದು ಕೆಂಪು ಶಾಯಿಯ ಗುರುತನ್ನು ಕಲೆಯುಳಿಯದಂತೆ ತೆಗೆಯುವ ಕಾಗದವೇನಾದರೂ ತಮ್ಮ ಕಾರ್ಖಾನೆಯಲ್ಲಿ ತಯಾರಾದರೆ, ಮೊದಲ ಸುರುಳಿ ನನಗೇ ಮೀಸಲಿಡಬೇಕು.

ಈಗ ನನಗೆ ಹೊಸ ಉದ್ಯೋಗ ಸಿಕ್ಕಿದೆ. ಬುಧವಾರಕ್ಕೊಂದು ಹೊಸ ಮ್ಯಾಟ್ ಮಾಡಿ ಒಯ್ಯಬೇಕು. ಅದರಲ್ಲಿ ಬೇಕೆಂದೇ ಒಂದು ತಪ್ಪು ಅಡಗಿಸಿರಬೇಕು. ಮಕ್ಕಳು ಅದನ್ನು ಹುಡುಕುತ್ತಾ ಉಣ್ಣಬೇಕು. ಇದು ಮಗಳ ಅಪ್ಪಣೆ. ತಪ್ಪನ್ನು ಯೋಚಿಸಿ ಮಾಡುವುದು ಇಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡು, 6 ಮತ್ತು 7ರ ಜಾಗ ಅದಲುಬದಲು ಮಾಡಿ, ಉಳಿದದ್ದೆಲ್ಲವನ್ನೂ ಮೂರು ಬಾರಿ ಪರೀಕ್ಷಿಸಿ, ಹೆಂಡತಿಗೂ ತೋರಿಸಿ, ಅವಳು ತುಟಿ ಕಚ್ಚಿ ‘ತಗೊಂಡ್ಹೋಗಿ’ ಎಂದ ಮೇಲೆ ಮೊನ್ನೆ ಬುಧವಾರ ಒಯ್ದೆ.

ಅವಳಿಗಳಿಬ್ಬರೂ 6, 7ನ್ನು ತಟ್ಟೆ ಬರುವ ಮೊದಲೇ ಹಿಡಿದರು. ನಾನು ಶಹಭಾಸ್ ಎಂದು ಎದ್ದೆ. ಆಗ ಪಕ್ಕದ ಹುಡುಗ, ‘ಲೋಟದ ಹಿಡಿ ಎಲ್ಲಿ?’ ಎಂದ. ಹಿಡಿ ಇರಲಿಲ್ಲ, ಅದು ನಮ್ಮ ಹಿಂಗೋಣೆಯ ನೆಲದ ಮೇಲೆಲ್ಲೋ ಇರಬೇಕು. ಕೊಕ್ಕರೆ ಒಂಟಿಕಾಲಿನಲ್ಲಿ ನಿಂತು ಅಂಚಿನ ಹೊಲಿಗೆಯಗುಂಟ ಬೆರಳು ಓಡಿಸುತ್ತಾ ಬಂದು ಒಂದು ಕಡೆ ತಡೆದು, ‘ಇಲ್ಲಿ ತೂತಿದೆ, ದಾರ ಇಲ್ಲ’ ಎಂದಳು. ಕೆಳಗಿನ ಬಾಬಿನ್ನಿನಲ್ಲಿ ದಾರ ಮುಗಿದದ್ದು ತಿಳಿಯದೆ ನಾನು ನಾಲ್ಕು ಇಂಚು ಬರೀ ಸೂಜಿಯನ್ನು ಓಡಿಸಿದ್ದೆ. ಹದಿನಾಲ್ಕು ಮಕ್ಕಳೂ ನನ್ನ ಮುಖ ನೋಡಿದವು. ‘ಇದರಲ್ಲಿ ಬೇಕೂಂತ ಮಾಡಿದ್ದು ಯಾವ್ದು ತಾತಾ?’ ಎಂದು ಕೊಕ್ಕರೆ ಕೇಳಿದಳು.

ಬಾಗಿಲ ಬಳಿ ನೀರಿನ ಜಗ್ ಹಿಡಿದು ನಿಂತಿದ್ದ ಮಗಳೂ ಉತ್ತರಕ್ಕೆ ಕಾಯುತ್ತಿದ್ದಳು.

‘ಮೂರೂ’ ಎಂದೆ.

ಮಗಳು ಜಗ್ಗನ್ನು ಕೆಳಗಿಟ್ಟು, ಗೋಡೆಯ ಕಡೆ ತಿರುಗಿ, ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಒಂದು ಪುಟ್ಟ ಕುರ್ಚಿ ಎಳೆದು, ‘ಕೂತ್ಕೊಳ್ಳಿ ಅಪ್ಪ, ನಿಮಗೂ ಬಡಿಸ್ತೀನಿ’ ಎಂದಳು. ಆ ಕುರ್ಚಿಯಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತದೆ, ಮಾನ್ಯರೇ. ಆದರೂ ಊಟ ಮುಗಿಯುವವರೆಗೆ ನಾನು ಏಳಲಿಲ್ಲ.

ಇನ್ನೂ ಬಿಡದೆ ಅಂಟಿಕೊಂಡಿರುವ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರೂಫ್ ರೀಡರ್ ಒಬ್ಬ

ತಾ.ಕ.: ಇಸ್ತ್ರಿ ಹಾಕುವಾಗ ಕೆಳಗೆ ಹಾಸಿಕೊಂಡಿದ್ದ ನನ್ನ ಒಂದೇ ಒಂದು ಒಳ್ಳೆಯ ಅಂಗಿಯ ಬೆನ್ನಿಗೆ ಒಂದು ಹಸಿರು 9 ಅಂಟಿಕೊಂಡಿದೆ. ಎಂಟು ಸಲ ಒಗೆದರೂ ಹೋಗಿಲ್ಲವಾದ್ದರಿಂದ ಅದನ್ನೇ ತೊಟ್ಟು ಸಂಜೆ ಅಡ್ಡಾಡಲು ಹೋಗುತ್ತಿದ್ದೇನೆ. ಯಾವ ತಂಡದಲ್ಲಿ ಆಡುತ್ತೀರೆಂದು ದಾರಿಯಲ್ಲಿ ಯಾರಾದರೂ ಕೇಳಿದರೆ ತಮ್ಮ ಕಂಪನಿಯ ಹೆಸರನ್ನು ಹೇಳುತ್ತೇನೆ, ಕಾಗುಣಿತ ಸಮೇತ.